ಒಂದೇ ಗುಂಡು, ಒಂದೇ ತೂತು

ನಮ್ಮ ಕೌಂಟಿಯಲ್ಲಿ ಪೊಲೀಸರಿಗೆ ಸರ್ಕಾರ ಪಿಸ್ತೂಲು ಕೊಡುತ್ತದೆ. ಅದನ್ನು ಅವರು ಮನೆಯಲ್ಲಿ ಕಾಲುಚೀಲದ ಜೊತೆ ಇಡುತ್ತಾರೆ.

ಸೊಂಟದಲ್ಲಿ ಇರುವುದು ಸ್ವಂತದ್ದು. ಸರ್ಕಾರದ್ದು ಕಪ್ಪು, ಪ್ಲಾಸ್ಟಿಕ್ ಹಿಡಿ, ಎಲ್ಲರದ್ದೂ ಒಂದೇ ಥರ. ಗಂಡಸು ಅನ್ನಿಸಿಕೊಂಡವನು ಅದನ್ನು ಹಾಕಿಕೊಂಡು ಚರ್ಚಿಗೆ ಹೋಗುವುದು ಹೇಗೆ? ಆದ್ದರಿಂದ ನೆಬ್ರಾಸ್ಕದ ಈ ಮೂಲೆಯಲ್ಲಿ ಆರು ಜನ ಡೆಪ್ಯುಟಿ ಪೊಲೀಸರಿಗೆ ಆರು ನಮೂನೆಯ ಪಿಸ್ತೂಲುಗಳಿವೆ. ಒಬ್ಬನದಕ್ಕೆ ಜಿಂಕೆ ಕೊಂಬಿನ ಹಿಡಿ. ಒಬ್ಬನದರ ಮೇಲೆ ಮಗಳ ಹೆಸರು ಕೆತ್ತಿದೆ. ಮಗಳ ಹುಟ್ಟಿದ ದಿನ ಅವನಿಗೆ ನೆನಪಿರುವುದಿಲ್ಲ. ಊರು ಓಟು ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ, ಶೆರಿಫ್ ಹೇವರ್‌ಕ್ಯಾಂಪ್ ಅವರದ್ದು ಬೆಳ್ಳಿಬಣ್ಣದ್ದು. ಚುನಾವಣೆಯ ವರ್ಷ ಮಾತ್ರ ಹೊರಬರುತ್ತದೆ.

ನಿಯಮ ಇದೆ. ಸ್ವಂತ ಪಿಸ್ತೂಲಿಗೆ ಶೆರಿಫರ ಸಹಿ ಬೇಕು. ಕೆಲಸದ ಮೇಲಿದ್ದಾಗ ಅದರಿಂದ ಒಂದು ಗುಂಡು ಹಾರಿದರೂ ಅದು ಸಾಕ್ಷಿಯಾಗಿ ಬೀರುವಿಗೆ ಹೋಗುತ್ತದೆ. ಕೇಸು ಮುಗಿಯುವವರೆಗೆ ಹೊರಬರುವುದಿಲ್ಲ, ಮತ್ತು ನಮ್ಮಲ್ಲಿ ಕೇಸು ಮುಗಿಯುವುದಿಲ್ಲ. ಸರ್ಕಾರದ ಪಿಸ್ತೂಲು ಹೋದರೆ ಇನ್ನೊಂದು ಕೊಡುತ್ತಾರೆ. ಸ್ವಂತದ್ದು ಹೋದರೆ ಹೋಯಿತು. ಅಲಂಕಾರ ಮಾಡಿದ ಪಿಸ್ತೂಲುಗಳು ನಮ್ಮಲ್ಲಿ ಬಹಳ ಶಾಂತವಾಗಿರುವುದು ಈ ಕಾರಣಕ್ಕೆ.

ನನ್ನ ಗಂಡ ಆರ್ಲೆನ್ ಸಹ ಡೆಪ್ಯುಟಿಯಾಗಿದ್ದ. ಅವನದ್ದು ಅಕ್ರೋಟು ಮರದ ಹಿಡಿಯ ಪಿಸ್ತೂಲು. ಅವನ ಅಪ್ಪ ಒಟ್ಟೊ ಒಂದು ಹೋರಿ ಮಾರಿ ಕೊಡಿಸಿದ್ದು. ಆರ್ಲೆನ್ ಅದನ್ನು ಒಮ್ಮೆಯೂ ಯಾರ ಮೇಲೂ ಎತ್ತಲಿಲ್ಲ. ನವೆಂಬರಿನ ಒಂದು ಸಂಜೆ ಹೆದ್ದಾರಿಗೆ ದನ ನುಗ್ಗಿದ್ದವು. ಕಂದು ಸಮವಸ್ತ್ರದಲ್ಲಿ, ಕಂದು ಹುಲ್ಲಿನ ಪಕ್ಕದಲ್ಲಿ, ಕಂದು ದನಗಳನ್ನು ಓಡಿಸುತ್ತಿದ್ದ. ಹಾಲಿನ ಟ್ಯಾಂಕರಿನವನಿಗೆ ಕಾಣಲಿಲ್ಲ. ಕತ್ತಲಲ್ಲಿ ಹೊಳೆಯುವ ಹಳದಿ ಜಾಕೆಟ್ ಬೇಕೆಂದು ಆರ್ಲೆನ್ ಕೌಂಟಿ ಮಂಡಳಿಯನ್ನು ಎರಡು ಸಲ ಕೇಳಿದ್ದ. ಮಂಡಳಿ ಎರಡು ಸಲ ಮುಂದೂಡಿತ್ತು. ಸ್ವಂತ ದುಡ್ಡಿನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. ಜಾಕೆಟ್ಟಿಗೆ ಜಿಂಕೆ ಕೊಂಬಿನ ಹಿಡಿ ಹಾಕಿಸಲು ಬರುವುದಿಲ್ಲ.

ಅಪಘಾತದ ತನಿಖೆಗೆಂದು ಪಿಸ್ತೂಲನ್ನು ಬೀರುವಿನಲ್ಲಿಟ್ಟರು. ಟ್ಯಾಂಕರು ಗುದ್ದಿದ್ದಕ್ಕೂ ಪಿಸ್ತೂಲಿಗೂ ಏನು ಸಂಬಂಧ ಎಂದು ನಾನು ಕೇಳಿದೆ. ತನಿಖೆ ನಡೆಯುತ್ತಿದೆ ಅಂದರು. ಆಮೇಲೆ ಅದೇ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕೂರುವ ಕೆಲಸ ನನಗೆ ಕೊಟ್ಟರು. ದಯೆ.

ಬೀರುವಿನ ಕೀಲಿ ಡೆಪ್ಯುಟಿ ಡೆಲ್ಬರ್ಟ್ ಸ್ಟಕಿಯ ಬಳಿ ಇತ್ತು. ಡೆಲ್ಬರ್ಟ್ ಶೆರಿಫರ ಅಕ್ಕನ ಮಗ. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಲು ಸ್ವಲ್ಪ ಮುಂದಾಲೋಚನೆ ಬೇಕು. ಅವನಿಗೆ ಸ್ವಂತ ಪಿಸ್ತೂಲು ಇರಲಿಲ್ಲ. ಹೆಂಡತಿ ಗ್ಲೆಂಡಾ ಮೊದಲು ಅಡುಗೆಮನೆಯ ನೆಲ ಆಗಲಿ ಎಂದು ಪಟ್ಟು ಹಿಡಿದಿದ್ದಳು. ಸರ್ಕಾರದ ಪ್ಲಾಸ್ಟಿಕ್ ಕಟ್ಟಿಕೊಂಡು ಓಡಾಡುತ್ತಿದ್ದವನು ಅವನೊಬ್ಬನೇ. ಉಳಿದವರು ಅವನ ಪಿಸ್ತೂಲಿಗೆ ನೀರು ತುಂಬಿಸಿಕೊಡಲಾ ಎಂದು ಕೇಳುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಅವನು ಅಕ್ರೋಟು ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಚೇರಿಗೆ ಬಂದ.

"ಡೆಲ್ಬರ್ಟ್, ಅದು ಆರ್ಲೆನ್‌ದು," ಅಂದೆ.

"ಗೊತ್ತು ಮಾರಿಟ್. ಸುಮ್ನೆ ಇಟ್ರೆ ತುಕ್ಕು ಹಿಡಿಯುತ್ತೆ. ನಿನಗೋಸ್ಕರಾನೇ ನೋಡ್ಕೊಳ್ತಾ ಇದೀನಿ."

"ಸ್ವಂತ ಪಿಸ್ತೂಲಿಗೆ ಮಾತ್ರ ಅನುಮತಿ ಇರೋದು."

"ಇದು ಸ್ವಂತದ್ದೇ ಅಲ್ವಾ? ಸರ್ಕಾರದ್ದಂತೂ ಅಲ್ಲ. ಯಾರ ಸ್ವಂತದ್ದು ಅಂತ ನಿಯಮದಲ್ಲಿ ಎಲ್ಲಿದೆ? ಮಾವ ಸಹಿ ಹಾಕಿದಾರೆ."

ಮಾವ ಸಹಿ ಹಾಕಿದ್ದರು.

*

ಮಾರ್ವಳ ಹೋಟೆಲಿನಲ್ಲಿ ಗುರುವಾರ ಮಾಂಸದ ಚಿಲ್ಲಿಸಾರು, ಜೊತೆಗೆ ದಾಲ್ಚಿನ್ನಿ ಬನ್ನು. ಊರಿಗೆ ಊರೇ ಅಲ್ಲಿರುತ್ತದೆ. ಡೆಲ್ಬರ್ಟ್ ಒಳಗೆ ಬಂದು, ಎಲ್ಲ ಮೇಜಿಗೂ ಬಲಸೊಂಟ ಕಾಣುವ ಹಾಗೆ ಒಂದು ಸುತ್ತು ಹಾಕಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಡೆಲ್ಬರ್ಟ್ ಹಗಲಿನಲ್ಲೇ ಹಿಡಿದ.

ಒಟ್ಟೊ ಮೂಲೆಯಲ್ಲಿ ಕೂತಿದ್ದರು. ನನ್ನ ಮಾವನಿಗೆ ಎಪ್ಪತ್ತು ದಾಟಿದೆ. ಮಾತು ಕಡಿಮೆ. ಬನ್ನನ್ನು ಸಾರಿಗೆ ಅದ್ದುತ್ತಿದ್ದ ಕೈ ನಿಂತಿತು.

"ಏ ಸ್ಟಕಿ. ಬಾ ಇಲ್ಲಿ."

"ಏನ್ ಒಟ್ಟೊ? ಆರಾಮಾ?"

"ಅದು ನನ್ನ ಹೋರಿ."

"ಏನು?"

"ನಿನ್ನ ಸೊಂಟದಲ್ಲಿರೋದು. ನನ್ನ ಹೋರಿ ಮಾರಿ ನನ್ನ ಮಗನಿಗೆ ಕೊಡಿಸಿದ್ದು. ಬಿಚ್ಚಿಡು."

"ನಿಯಮದ ಪ್ರಕಾರ..."

"ನೀನಾಗಿ ಬಿಚ್ಚಿದ್ರೆ ಸರಿ. ಇಲ್ದಿದ್ರೆ ನಾನೇ ಬಂದು ಬಿಚ್ತೀನಿ. ಆಗ ಪ್ಯಾಂಟೂ ಜೊತೇಲಿ ಬರುತ್ತೆ."

ಹೋಟೆಲು ನಕ್ಕಿತು. ಮಾರ್ವ ನಗುತ್ತಾ ಕಾಫಿಯನ್ನು ಲೋಟದ ಹೊರಗೆ ಸುರಿದಳು. ಡೆಲ್ಬರ್ಟ್ ಕೆಂಪಗಾಗಿ, ಬನ್ನು ಕಟ್ಟಿಸಿಕೊಂಡು ಹೊರಟುಹೋದ. ಇಷ್ಟೇ ನಡೆದದ್ದು. ಆಮೇಲೆ ಸರ್ಕಾರಿ ಕಾಗದದಲ್ಲಿ ಇದಕ್ಕೆ "ಅಧಿಕಾರಿಗೆ ಸಾರ್ವಜನಿಕ ಪ್ರಾಣಬೆದರಿಕೆ" ಎಂಬ ಹೆಸರು ಬಂತು.

ಅದೇ ಮಧ್ಯಾಹ್ನ ಡೆಲ್ಬರ್ಟ್ ಒಟ್ಟೊ ಅವರ ಹುಲ್ಲುಗಾವಲಿನ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದ. ಅತಿವೇಗದ ವಾಹನ ಹಿಡಿಯಲು ಎಂದು ಹೇಳಿದ. ಆ ರಸ್ತೆಯಲ್ಲಿ ವಾಹನವೇ ಇಲ್ಲ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾ ಪಿಸ್ತೂಲನ್ನು ಎಳೆಯುವುದು, ಮತ್ತೆ ಒರೆಗೆ ಹಾಕುವುದು ಅಭ್ಯಾಸ ಮಾಡುತ್ತಿದ್ದ. ಚಳಿಕೋಟಿನ ಅಂಚಿಗೆ ಒಂದು ದಾರ, ದಾರದ ತುದಿಗೆ ಪ್ಲಾಸ್ಟಿಕ್ ಮಣಿ. ಮಣಿ ಪಿಸ್ತೂಲಿನ ಟ್ರಿಗರಿಗೆ ಸಿಕ್ಕಿತು. ಪಿಸ್ತೂಲನ್ನು ಒರೆಗೆ ಒತ್ತಿದ. ದಾರ ಟ್ರಿಗರನ್ನು ಎಳೆಯಿತು. ಗುಂಡು ಅವನ ತೊಡೆಗೆ ತಾಗದೆ, ಬನ್ನಿನ ಪೊಟ್ಟಣವನ್ನು ಹಾದು, ಕಾರಿನ ಬಾಗಿಲಿನಿಂದ ಹೊರಗೆ ಹೋಯಿತು.

ನನ್ನ ವೈರ್‌ಲೆಸ್ ಕಿರುಚಿತು.

"ಗುಂಡು ಹಾರಿದೆ! ಗುಂಡು ಹಾರಿದೆ!"

ಇದರಲ್ಲಿ ಸುಳ್ಳಿಲ್ಲ. ಆ ವಾರದಲ್ಲಿ ಆ ಗುಂಡಿನ ಬಗ್ಗೆ ಅವನು ಆಡಿದ ಕೊನೆಯ ನಿಜ ಇದು.

"ಯಾರು ಹಾರಿಸಿದ್ದು?" ಅಂದೆ.

ತಾನೇ ಎಂದು ಹೇಳಿದರೆ ಪಿಸ್ತೂಲು ಬೀರುವಿಗೆ ಹೋಗುತ್ತದೆ. ಅವನು ಅದನ್ನು ಕಟ್ಟಿಕೊಂಡು ಒಂದು ದಿನವೂ ಪೂರ್ತಿ ಆಗಿರಲಿಲ್ಲ.

"ಡೆಲ್ಬರ್ಟ್, ಎಲ್ಲಿದೀಯ?"

"ಒಟ್ಟೊ ವೀಡೆಮನ್ ಹೊಲದ ಹತ್ರ," ಅಂದ.

ವೈರ್‌ಲೆಸ್ ಕೇಳುವುದು ನಾನೊಬ್ಬಳೇ ಅಲ್ಲ. ನಮ್ಮಲ್ಲಿ ಮುದುಕಿಯರೂ ಅಡುಗೆಮನೆಯಲ್ಲಿ ಪೊಲೀಸರ ವೈರ್‌ಲೆಸ್ ಹಾಕಿಕೊಂಡಿರುತ್ತಾರೆ. ಹೋಟೆಲಿನ ಮಾತು, ಹೊಲದ ಗುಂಡು, ಎರಡನ್ನೂ ಊರು ತಾನೇ ಗಂಟುಹಾಕಿಕೊಂಡಿತು. ಡೆಲ್ಬರ್ಟ್ ಬಾಯಿಬಿಡುವ ಅಗತ್ಯವೇ ಬೀಳಲಿಲ್ಲ.

ನಾಲ್ಕು ಕೌಂಟಿಗಳಿಂದ ಕಾರು ಬಂದವು. ರಾಜ್ಯ ಪೊಲೀಸರ ಹೆಲಿಕಾಪ್ಟರ್ ಬಂದು ಒಟ್ಟೊ ಅವರ ದನಗಳನ್ನು ದಿಕ್ಕಾಪಾಲು ಮಾಡಿತು. ಹೊಲದ ಅಂಚಿನಲ್ಲಿ ಹತ್ತಾರು ಗಂಡಸರು ಸ್ವಂತ ಪಿಸ್ತೂಲು ಹಿರಿದು ನಿಂತರು. ಸ್ವಲ್ಪ ಹೊತ್ತಿಗೆ ಅಪರಾಧಿ ಕಾಣಲಿಲ್ಲವಾಗಿ, ಪಕ್ಕದವನ ಪಿಸ್ತೂಲು ಕಂಡಿತು.

"ಎಲ್ಲಿ ತಗೊಂಡ್ರಿ ಇದನ್ನ?"

"ಒಮಾಹಾದಲ್ಲಿ. ಹಿಡಿ ಮಾತ್ರ ಆಮೇಲೆ ಹಾಕಿಸಿದ್ದು."

"ಒಂದ್ಸಲ ಹಿಡ್ಕೊಳ್ಲಾ?"

"ಹುಷಾರು, ತುಂಬಿದೆ."

ಅಷ್ಟು ಜನರಲ್ಲಿ ಒಬ್ಬನ ಮೈಮೇಲೂ ಹಳದಿ ಜಾಕೆಟ್ ಇರಲಿಲ್ಲ. ನಾನು ಆಮೇಲೆ ಅಲ್ಲಿಗೆ ಹೋದಾಗ ಮೊದಲು ನೋಡಿದ್ದು ಅದನ್ನೇ.

ಅಷ್ಟರಲ್ಲಿ ಒಟ್ಟೊ ಟ್ರ್ಯಾಕ್ಟರಿನಲ್ಲಿ ಬಂದರು, ತಮ್ಮ ದನ ಏಕೆ ಓಡುತ್ತಿವೆ ಎಂದು ಕೇಳಲು. ಕೈಯಲ್ಲಿ ಬೇಲಿ ಇಕ್ಕಳ ಇತ್ತು. ಹತ್ತಾರು ಪಿಸ್ತೂಲುಗಳು ಒಟ್ಟಿಗೆ ಅವರ ಕಡೆ ತಿರುಗಿದವು.

"ಆಯುಧ ಕೆಳಗಿಡು!"

"ಇದು ಇಕ್ಕಳ ಕಣ್ರೋ."

"ಕೆಳಗಿಡು ಅಂದೆ!"

"ಇಡ್ತೀನಿ. ಆಮೇಲೆ ಬೇಲಿ ನೀವು ಕಟ್ತೀರಾ?"

ನೆಲಕ್ಕೆ ಕೆಡವಿ ಕೈಕೋಳ ಹಾಕಿದರು. ಹಾಕಿದವನು ಜಿಂಕೆ ಕೊಂಬಿನವನು. ಚಿಕ್ಕಂದಿನಲ್ಲಿ ಅವನಿಗೆ ಕುದುರೆ ಸವಾರಿ ಕಲಿಸಿದವರು ಒಟ್ಟೊ.

*

ಶೆರಿಫ್ ಹೇವರ್‌ಕ್ಯಾಂಪ್ ಕಾರಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಟೀವಿಯವರು ಬಂದಿದ್ದರು. ಶೆರಿಫ್ ಗಂಭೀರವಾಗಿ ತೂತಿಗೆ ಬೆರಳು ಹಾಕಿದರು. ಹೊರಗಿನಿಂದ ಬಂದ ಗುಂಡಾದರೆ ತಗಡು ಒಳಕ್ಕೆ ಮಡಿಯಬೇಕು. ಈ ತಗಡು ಹೂವಿನ ಹಾಗೆ ಹೊರಕ್ಕೆ ಅರಳಿತ್ತು. ಬೆರಳು ಕೊಯ್ಯಿತು.

ಅವರು ಬೆರಳು ನೋಡಿದರು. ತೂತು ನೋಡಿದರು. ಅಕ್ಕನ ಮಗನನ್ನು ನೋಡಿದರು. ಅಕ್ಕನ ಮಗ ಆಕಾಶ ನೋಡುತ್ತಿದ್ದ.

"ಮಾರಿಟ್," ಅಂದರು ಶೆರಿಫ್, "ಒಂದು ಪಟ್ಟಿ ತಗೊಂಡ್ ಬಾಮ್ಮ."

ನಾನು ಪಟ್ಟಿ ಸುತ್ತಿದೆ. ಅದೇ ಬೆರಳಿನಿಂದ ಅವರು ವರದಿ ಬರೆದರು: ಹೊರಗಿನಿಂದ ಗುಂಡಿನ ದಾಳಿ. ಮರುದಿನ ಬೆಳಿಗ್ಗೆಗೆ ಬಾಗಿಲಿನ ತೂತು ಮುಚ್ಚಿ ಬಣ್ಣ ಬಳಿದಾಗಿತ್ತು. ತೆರಿಗೆ ಕೊಡುವವರ ಕಾರು ತೂತಾಗಿ ಓಡಾಡಬಾರದು ಎಂದು ಶೆರಿಫ್ ಟೀವಿಗೆ ಹೇಳಿದರು. ಕಾರಿನ ಸ್ಟಿಯರಿಂಗು ಅಲುಗಾಡುತ್ತಿರುವುದು ಎರಡು ವರ್ಷದಿಂದ. ಅದು ಹಾಗೇ ಇದೆ.

ನಾನು ಕಂಡದ್ದನ್ನು ಸರ್ಕಾರಿ ವಕೀಲರಿಗೆ ಹೇಳಿದೆ.

"ಬೆರಳು ಸಾಕ್ಷಿಯಲ್ಲ ಮೇಡಂ," ಅಂದರು.

ಒಟ್ಟೊ ಅವರ ಪರ ನೇಮಿಸಿದ ಹುಡುಗವಕೀಲನಿಗೆ ಹೇಳಿದೆ. "ತೂತೆಲ್ಲಿ?" ಅಂದ. ಇಲ್ಲ ಅಂದೆ. "ನೀವು ಆರೋಪಿಗೆ ಏನಾಗಬೇಕು?" ಸೊಸೆ ಅಂದೆ. ಅವನು ಪೆನ್ನಿಗೆ ಮುಚ್ಚಳ ಹಾಕಿದ.

ಲಾಕಪ್ಪಿನ ಕೋಣೆಯಲ್ಲಿ ಒಟ್ಟೊ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಪೊಲೀಸನ ಮೇಲೆ ಗುಂಡು ಹಾರಿಸಿದ್ದಕ್ಕೆ ಶಿಕ್ಷೆಯಾದರೆ ಈ ವಯಸ್ಸಿನವರು ಹೊರಗೆ ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

"ದನಕ್ಕೆ ನೀರು ಬಿಟ್ಯಾ?"

"ಬಿಟ್ಟೆ."

"ಬೇಲಿ?"

"ಕಟ್ಟಿದೆ. ಸೊಟ್ಟಗಿದೆ."

"ಇರ್ಲಿ. ದನಕ್ಕೇನು ಸೊಟ್ಟ ನೆಟ್ಟಗೆ ಗೊತ್ತಾಗುತ್ತಾ." ಆಮೇಲೆ ಕೇಳಿದರು: "ಅದು ಇನ್ನೂ ಅವನ ಸೊಂಟದಲ್ಲೇ ಇದೆಯಾ?"

ಇತ್ತು.

*

ಡೆಲ್ಬರ್ಟ್ ಈಗ ವೀರ. ಚರ್ಚಿನ ಮುಂದಿನ ಫಲಕದಲ್ಲಿ "ದೇವರು ಡೆಲ್ಬರ್ಟನನ್ನು ಕಾಯ್ದ" ಎಂದು ಬರೆಸಿದರು. ಬಟ್ಟೆ ಅಂಗಡಿಯವನು ಟೋಪಿ ಕೊಟ್ಟ. ಗ್ಲೆಂಡಾಳಿಗೆ ಅಕ್ಕಪಕ್ಕದವರು ತಂದುಕೊಟ್ಟ ಅಡುಗೆಯಿಂದ ಫ್ರಿಜ್ಜಿನ ಬಾಗಿಲು ಹಾಕಲಾಗಲಿಲ್ಲ. ನನ್ನ ಗಂಡ ಸತ್ತಾಗ ಬಂದದ್ದಕ್ಕಿಂತ ಜಾಸ್ತಿ ಬಂದಿತ್ತು. ಸತ್ತವನ ಮನೆಯಲ್ಲಿ ಕಥೆ ಸಿಗುವುದಿಲ್ಲ.

ಮಾರ್ವಳ ಹೋಟೆಲಿನಲ್ಲಿ ಅವನು ದಿನವೂ ಹೇಳಿದ. ಮೊದಲ ದಿನ ಒಂದು ಗುಂಡು ಬಂತು, ಅವನು ಬಗ್ಗಿದ. ಮರುದಿನ ಬಗ್ಗಲಿಲ್ಲ.

"ಬಗ್ಗಲಿಲ್ವಾ?" ಮಾರ್ವ ಬಾಯಿಮೇಲೆ ಕೈ ಇಟ್ಟಳು.

"ಬಗ್ಗೋದಾ? ನಾನಾ?"

"ಮತ್ತೆ ಸುಮ್ನೆ ಕೂತಿದ್ರಾ?" ಅಂದ ಅಂಚೆಯವನು. "ಅಷ್ಟು ಒಳ್ಳೆ ಪಿಸ್ತೂಲು ಇಟ್ಕೊಂಡು?"

ಡೆಲ್ಬರ್ಟ್ ಸುತ್ತ ನೋಡಿದ. ಊರೆಲ್ಲ ಚಮಚ ಎತ್ತಿ ಹಿಡಿದು ಕಾಯುತ್ತಿತ್ತು.

"ಸುಮ್ನೆ ಯಾಕೆ ಕೂರ್ತೀನಿ? ಬಾಗಿಲು ತೆಗೆದು ಉರುಳಿದೆ. ಢಂ, ಢಂ, ಢಂ. ಮೂರು. ಬೇಕಂತಲೇ ತಲೆ ಮೇಲೆ ಹಾರಿಸಿದೆ. ವಯಸ್ಸಾದವ್ರು, ಪಾಪ."

ಊರು ಚಪ್ಪಾಳೆ ತಟ್ಟಿತು. ಕಿಟಕಿಯ ಪಕ್ಕದ ಮೇಜಿನಲ್ಲಿ ಒಬ್ಬಾಕೆ ಮಾತ್ರ ತಟ್ಟಲಿಲ್ಲ. ಕೌಂಟಿ ನ್ಯಾಯಾಧೀಶೆ ಪಾಲೀನ್ ಟೋಮೆಕ್. ಆಕೆ ಸೇಬಿನ ಕಡುಬು ತಿನ್ನುತ್ತಿದ್ದರು.

*

ವಿಚಾರಣೆಯ ದಿನ ನ್ಯಾಯಾಲಯ ತುಂಬಿತ್ತು. ಡೆಪ್ಯುಟಿಗಳು ಆರೂ ಜನ ಮುಂದಿನ ಸಾಲಿನಲ್ಲಿ, ಪಿಸ್ತೂಲುಗಳಿಗೆ ಎಣ್ಣೆ ಹಾಕಿಕೊಂಡು ಬಂದಿದ್ದರು. ಒಟ್ಟೊ ಅವರನ್ನು ಬೆಂಚಿಗೆ ಕೈಕೋಳದಿಂದ ಕಟ್ಟಿದ್ದರು.

ಡೆಲ್ಬರ್ಟ್ ಪ್ರಮಾಣ ಮಾಡಿ, ಬಲಸೊಂಟ ಜನರ ಕಡೆ ಬರುವಂತೆ ಕೂತ. ಸರ್ಕಾರಿ ವಕೀಲರು ಕೇಳಿದರು:

"ದಾಳಿ ನಡೆದಾಗ ನೀವು ಗುಂಡು ಹಾರಿಸಿದ್ರಾ?"

"ಇಲ್ಲ ಸಾರ್. ಸಂಯಮ ತೋರಿಸಿದೆ."

ನ್ಯಾಯಾಧೀಶೆ ಕನ್ನಡಕ ತೆಗೆದರು.

"ಡೆಪ್ಯುಟಿ, ಒಂದು ನಿಮಿಷ. ಮಾರ್ವ ಹೋಟೆಲಲ್ಲಿ ಮೂರು ಹಾರಿಸಿದ್ರಿ. ನಾನು ಪಕ್ಕದ ಮೇಜಲ್ಲೇ ಇದ್ದೆ. ನಿಮ್ಮ ಢಂಢಂ ಕೇಳ್ತಾ ನನ್ನ ಕಡುಬು ಆರಿಹೋಯ್ತು."

ಸರ್ಕಾರಿ ವಕೀಲರು ಎದ್ದರು. "ಮಾನ್ಯರೇ, ನೀವೇ ಕೇಳಿಸ್ಕೊಂಡಿದ್ರೆ ಈ ಕೇಸನ್ನ ನೀವು..."

"ಇನ್ನೊಬ್ಬ ನ್ಯಾಯಾಧೀಶರು ನೂರು ಮೈಲಿ ಆಚೆ ಇದಾರೆ, ಸೊಂಟನೋವು ಅವ್ರಿಗೆ. ಕೂತ್ಕೊಳಿ. ಡೆಪ್ಯುಟಿ, ಹಾರಿಸಿದ್ರೋ ಇಲ್ವೋ?"

ಡೆಲ್ಬರ್ಟ್ ಜನರನ್ನು ನೋಡಿದ. ಅಂಚೆಯವನು, ಮಾರ್ವ, ಟೋಪಿ ಕೊಟ್ಟವನು, ಎಲ್ಲರೂ ಇದ್ದರು. ಇಲ್ಲ ಅಂದರೆ ಟೋಪಿ ವಾಪಸು ಕೊಡಬೇಕು.

"ಹಾರಿಸಿದೆ," ಅಂದ. "ಮೂರು."

"ಸರಿ. ಹಾಗಾದ್ರೆ ಆ ಪಿಸ್ತೂಲು ಸಾಕ್ಷಿ. ಗುಮಾಸ್ತರೇ, ತಗೊಳಿ ಅದನ್ನ."

ಡೆಲ್ಬರ್ಟ್ ಎರಡೂ ಕೈಯಿಂದ ಒರೆ ಮುಚ್ಚಿಕೊಂಡ. ಕೂಸನ್ನು ಕಿತ್ತುಕೊಳ್ಳಲು ಬಂದವರ ಎದುರು ತಾಯಿ ಹಾಗೆ ಹಿಡಿದುಕೊಳ್ಳುತ್ತಾಳೆ.

"ಮಾನ್ಯರೇ, ಬೇಡಿ! ಮೂರಲ್ಲ, ಒಂದೇ!"

"ಒಂದಾದ್ರೂ ನಿಯಮ ಅದೇ."

"ಅದು ನಾನು ಹಾರಿಸಿದ್ದಲ್ಲ! ಅದಾಗೇ ಹಾರಿದ್ದು! ಅದಕ್ಕೆ ಲೆಕ್ಕ ಇಲ್ಲ!"

"ಎಲ್ಲಿಗೆ ಹಾರ್ತು?"

"ಬಾಗಿಲಿಗೆ."

"ಯಾವ ಬಾಗಿಲು?"

"ಕಾರಿನ ಬಾಗಿಲು. ಒಳಗಿಂದ."

ನ್ಯಾಯಾಲಯದಲ್ಲಿ ಯಾರೋ ಕೆಮ್ಮಿದರು. ಶೆರಿಫ್ ತಮ್ಮ ಬೆರಳನ್ನು ಟೋಪಿಯೊಳಗೆ ಇಟ್ಟುಕೊಂಡರು.

"ಹಾಗಾದ್ರೆ ಒಟ್ಟೊ ವೀಡೆಮನ್ ಹಾರಿಸಿದ ಗುಂಡಿನ ತೂತೆಲ್ಲಿ?"

"ಅದೂ ಅದೇ."

"ಎರಡು ಗುಂಡಿಗೆ ಒಂದೇ ತೂತು?"

ಡೆಲ್ಬರ್ಟ್ ಯೋಚಿಸಿದ. ಅವನು ಯೋಚಿಸುವುದು ಹಣೆಯಲ್ಲಿ ಕಾಣುತ್ತದೆ.

"ಒಂದು ಒಳಗೆ ಬರ್ತಿತ್ತು, ಇನ್ನೊಂದು ಹೊರಗೆ ಹೋಗ್ತಿತ್ತು, ಮಾನ್ಯರೇ."

"ದಾರೀಲಿ ನಮಸ್ಕಾರ ಹೇಳಿದ್ವಾ?"

ಹಿಂದಿನ ಸಾಲಿನಲ್ಲಿ ಗ್ಲೆಂಡಾ ಎದ್ದುನಿಂತಳು. "ಡೆಲ್ಬರ್ಟ್! ಚಳಿಕೋಟಿನ ದಾರ ಸುಟ್ಟಿತ್ತಲ್ಲ, ಸಿಗರೇಟು ತಾಗ್ತು ಅಂದ್ಯಲ್ಲ! ನೀನು ಸಿಗರೇಟು ಸೇದಲ್ವಲ್ಲೋ!"

"ಗ್ಲೆಂಡಾ, ಕೂತ್ಕೋ!"

"ಏನಾಯ್ತು ಅಂತ ತೋರಿಸಿ ಡೆಪ್ಯುಟಿ," ಅಂದರು ನ್ಯಾಯಾಧೀಶೆ.

ಬಾಯಿಮಾತಿನಲ್ಲಿ ವಿವರಿಸಿ ಎಂಬುದು ಅವರ ಅರ್ಥ. ಡೆಲ್ಬರ್ಟ್ ಹೇಳಿದ್ದನ್ನು ಮಾಡುವ ಮನುಷ್ಯ. ಪಿಸ್ತೂಲು ಹಿರಿದ. "ಹೀಗೆ ಹಿಡ್ಕೊಂಡಿದ್ದೆ, ಆ ದಾರ ಇಲ್ಲಿ..."

ನ್ಯಾಯಾಲಯ ಮಾಯವಾಯಿತು. ಸರ್ಕಾರಿ ವಕೀಲರು ಮೇಜಿನ ಅಡಿಗೆ, ಅಂಚೆಯವನು ಮಾರ್ವಳ ಅಡಿಗೆ. ಉಳಿದ ಐದು ಡೆಪ್ಯುಟಿಗಳು, ಜಿಂಕೆ ಕೊಂಬು, ಮಗಳ ಹೆಸರು ಎಲ್ಲ ಸಮೇತ, ಬೆಂಚಿನ ಕೆಳಗೆ ಒಬ್ಬರ ಮೇಲೊಬ್ಬರು. ಶೆರಿಫರು ಬೆಳ್ಳಿ ಪಿಸ್ತೂಲಿನ ಮೇಲೆಯೇ ಬೋರಲು ಬಿದ್ದರು. ಅಷ್ಟು ದೊಡ್ಡ ಕೋಣೆಯಲ್ಲಿ ತಲೆ ಎತ್ತಿ ಕೂತಿದ್ದವರು ಒಟ್ಟೊ ಒಬ್ಬರೇ. ಕೈಕೋಳದಿಂದ ಕಟ್ಟಿದ್ದರಲ್ಲ.

"ಸ್ಟಕಿ," ಅಂದರು ಒಟ್ಟೊ. "ಮೇಜಿನ ಮೇಲಿಡು ಮಗ. ನಿಧಾನಕ್ಕೆ."

ಡೆಲ್ಬರ್ಟ್ ಇಟ್ಟ. ನ್ಯಾಯಾಧೀಶೆ ಪೀಠದ ಹಿಂದಿನಿಂದ ಮೇಲೆ ಬಂದು, ಕೂದಲು ಸರಿಮಾಡಿಕೊಂಡು, ಕೇಸು ವಜಾ ಮಾಡಿದರು.

ಪಿಸ್ತೂಲನ್ನು ಒಟ್ಟೊಗೆ ಕೊಡಲು ಆಗಲಿಲ್ಲ. ಹಾರಿದ ಪಿಸ್ತೂಲು, ನಿಯಮ. ಅದು ಮತ್ತೆ ಅದೇ ಬೀರುವಿಗೆ ಹೋಯಿತು. ಬೀರುವಿನ ಕೀಲಿಯನ್ನು ಮಾತ್ರ ನ್ಯಾಯಾಧೀಶೆ ನನ್ನ ಕೈಗೆ ಕೊಡಿಸಿದರು.

"ಅಲ್ಲೇ ಇರ್ಲಿ ಬಿಡಮ್ಮ," ಅಂದರು ಒಟ್ಟೊ, ಮಣಿಕಟ್ಟು ಉಜ್ಜಿಕೊಳ್ಳುತ್ತಾ. "ನಡಿ. ಆ ಸೊಟ್ಟ ಬೇಲಿ ನೋಡೋಣ."

*

ಮರುದಿನ ಶೆರಿಫ್ ನನ್ನ ಮೇಜಿನ ಬಳಿ ಬಂದು ನಿಂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಏನೂ ಅಂದಿರಲಿಲ್ಲ. ಅವರು ಬೆರಳು ಮುಟ್ಟಿಕೊಂಡರು.

"ಮಾರಿಟ್, ಆ ಪಟ್ಟಿ ವಿಷ್ಯ... ಯಾರಿಗಾದ್ರೂ ಹೇಳಿದ್ಯಾ?"

"ಹೇಳಿದ್ದೆ. ಆಗ ಯಾರೂ ನಂಬಲಿಲ್ಲ. ಈಗ ನಂಬ್ತಾರೆ."

"ಚುನಾವಣೆ ಹತ್ರ ಇದೆ ಕಣಮ್ಮ."

"ಗೊತ್ತು. ಆರು ಹಳದಿ ಜಾಕೆಟ್ ಬೇಕು."

"ಮಂಡಳಿ ಒಪ್ಪಬೇಕಲ್ಲ. ಅದಕ್ಕೆ ಒಂದು ಕ್ರಮ..."

"ಬೆರಳು ವಾಸಿ ಆಯ್ತಾ, ಶೆರಿಫ್?"

ಎರಡು ಸಲ ಮುಂದೂಡಿದ್ದ ಜಾಕೆಟ್ಟುಗಳು ಆ ವಾರವೇ ಬಂದವು. ಮಂಡಳಿಗೆ ಕ್ರಮ ನೆನಪಾಗಲಿಲ್ಲ. ಶೆರಿಫ್ ಅದರಲ್ಲಿ ಒಂದನ್ನು ತೊಟ್ಟು ಚುನಾವಣೆಯ ಚಿತ್ರ ತೆಗೆಸಿಕೊಂಡರು, ಗೆದ್ದರು. ಡೆಲ್ಬರ್ಟನನ್ನು ಸ್ವಲ್ಪ ದಿನ ಮನೆಗೆ ಕಳಿಸಿ, ಊರಿಗೆ ಮರೆವು ಬಂದಮೇಲೆ ಮತ್ತೆ ಕರೆದುಕೊಂಡರು. ಅಕ್ಕನ ಮಗ.

ನವೆಂಬರಿನಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದೆ. ಹೆದ್ದಾರಿಯಲ್ಲಿ ದನ. ಯಾರದೋ ಬೇಲಿ ಕಿತ್ತುಹೋಗಿತ್ತು. ಹತ್ತಿರ ಬರುವವರೆಗೆ ದನ ಮಾತ್ರ ಇವೆ ಅಂದುಕೊಂಡಿದ್ದೆ. ಅವುಗಳ ನಡುವೆ ಡೆಲ್ಬರ್ಟ್ ಇದ್ದ. ಕಂದು ಸಮವಸ್ತ್ರ.

ಬ್ರೇಕು ಹಾಕಿ, ದೀಪ ಮಿನುಗಿಸಿ ಇಳಿದೆ.

"ಜಾಕೆಟ್ ಎಲ್ಲಿ?"

"ಕಾರಲ್ಲಿದೆ ಮಾರಿಟ್."

"ಯಾಕೆ ಹಾಕ್ಕೊಂಡಿಲ್ಲ?"

"ಅದು ಉದ್ದ. ಹಾಕ್ಕೊಂಡ್ರೆ ಇದು ಮುಚ್ಚಿಹೋಗುತ್ತೆ." ಸೊಂಟ ತಿರುಗಿಸಿ ತೋರಿಸಿದ. ಬಿಳಿ ಹಿಡಿ, ಅದರ ಮೇಲೆ ಅವನ ಹೆಸರಿನ ಅಕ್ಷರ. "ಕಂತಲ್ಲಿ ತಗೊಂಡೆ. ಈ ಸಲ ನಿಜವಾಗ್ಲೂ ನಂದೇ."

ದಿಣ್ಣೆಯ ಆಚೆ ಒಂದು ಟ್ರಕ್ಕು ಗೇರು ಬದಲಿಸುವ ಸದ್ದು ಕೇಳಿತು.

ಅವನ ಕಾರಿನ ಬಾಗಿಲು ತೆಗೆದೆ. ಜಾಕೆಟ್ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು, ಸೀಲು ಒಡೆದಿರಲಿಲ್ಲ. ಹಲ್ಲಿನಿಂದ ಹರಿದು, ನಾನೇ ಹಾಕಿಕೊಂಡೆ. ರಸ್ತೆಯ ಮಧ್ಯಕ್ಕೆ ಹೋಗಿ ಎರಡೂ ಕೈ ಎತ್ತಿ ನಿಂತೆ.

ಟ್ರಕ್ಕು ದಿಣ್ಣೆ ಏರಿತು. ಅದರ ಬೆಳಕು ನನ್ನ ಮೇಲೆ ಬಿತ್ತು. ಅದು ಅಲ್ಲಿಂದಲೇ, ಅಷ್ಟು ದೂರದಿಂದಲೇ, ನಿಧಾನ ಮಾಡತೊಡಗಿತು. ಇಷ್ಟು ಸುಲಭ. ನಿಧಾನವಾಗಿ ಬಂದು, ದನಗಳ ಮುಂದೆ, ನನ್ನ ಮುಂದೆ, ಉಸ್ಸೆಂದು ನಿಂತಿತು.

ಡೆಲ್ಬರ್ಟ್ ನನ್ನ ಪಕ್ಕಕ್ಕೆ ಬಂದ. ಬಿಳಿ ಹಿಡಿಯ ಮೇಲೆ ಕೈ ಇಟ್ಟು, ಎದೆ ಉಬ್ಬಿಸಿದ.

"ನೋಡಿದ್ಯಾ ಮಾರಿಟ್?" ಅಂದ. "ಪಿಸ್ತೂಲು ಕಂಡ ತಕ್ಷಣ ನಿಲ್ಲಿಸಿಬಿಟ್ಟ."